ಲೋಹದ ಮೇಲೆ ಗ್ರಾಫೀನ್, ಗ್ರಾಫೀನ್ ಮೇಲೆ ಬೆಂಜೀನ್: ಲೆಕ್ಕ ಹಾಕುವುದು ಹೇಗೆ?

ಗ್ರಾಫೀನ್ ಮೇಲೆ ಒಂದು ಸಾವಯವ ಅಣು ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅಂತ ಲೆಕ್ಕ ಹಾಕಲು ಹೊರಟವರು ಸಾಮಾನ್ಯವಾಗಿ ಅಣುವಿನಿಂದಲೇ ಶುರು ಮಾಡುತ್ತಾರೆ. ಅಣುವನ್ನು ಬರೆದು, ಗ್ರಾಫೀನ್ ಮೇಲಿಟ್ಟು, ಕೆಳಗೆ ನಾಲ್ಕು ಪದರ ಲೋಹ ಸೇರಿಸಿ ಕಂಪ್ಯೂಟರಿಗೆ ಕೊಟ್ಟುಬಿಡುತ್ತಾರೆ. ನನ್ನ ಪ್ರಕಾರ ಈ ಕ್ರಮ ಉಲ್ಟಾ. ಮೊದಲು ಲೋಹ, ಆಮೇಲೆ ಗ್ರಾಫೀನ್, ಕೊನೆಗೆ ಅಣು (ಇಲ್ಲಿ ನಮ್ಮ ಉದಾಹರಣೆ ಬೆಂಜೀನ್). ಯಾಕಂದ್ರೆ ಗ್ರಾಫೀನ್ ಒಂದೇ ಪರಮಾಣುವಿನಷ್ಟು ದಪ್ಪದ ಕಾರ್ಬನ್ ಹಾಳೆ. ಕೆಳಗಿರುವ ಲೋಹವನ್ನು ಅದು ಪೂರ್ತಿ ಮುಚ್ಚಿಡುವುದಿಲ್ಲ. ಲೋಹ ಬದಲಾದರೆ ಹಾಳೆಯ ಎತ್ತರ, ಅದರ ಉಬ್ಬು-ತಗ್ಗು, ಅದರಲ್ಲಿರುವ ಎಲೆಕ್ಟ್ರಾನುಗಳ ಲೆಕ್ಕ ಎಲ್ಲವೂ ಬದಲಾಗುತ್ತದೆ. ಮೇಲೆ ಕೂರುವ ಅಣುವಿಗೂ ಅದು ತಟ್ಟುತ್ತದೆ.

ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಯ ಮೊದಲ ವರ್ಷದಲ್ಲಿ ಇರುವವರು ನನ್ನ ಮನಸ್ಸಿನಲ್ಲಿದ್ದಾರೆ. ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿಯನ್ನು ಲೆಕ್ಕ ಹಾಕುವ ಡೆನ್ಸಿಟಿ ಫಂಕ್ಷನಲ್ ಥಿಯರಿ, ಅಂದ್ರೆ ಡಿಎಫ್‌ಟಿ, ಏನು ಅಂತ ಸ್ವಲ್ಪ ಗೊತ್ತಿದ್ದರೆ ಸಾಕು. ಈ ಲೆಕ್ಕ ಮಾಡುವ ಪ್ರೋಗ್ರಾಮುಗಳಲ್ಲಿ ಕ್ವಾಂಟಮ್ ಎಸ್ಪ್ರೆಸೊ ಮತ್ತು ಜಿಪಾ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಭಾಗದಲ್ಲಿ ವ್ಯಾಸ್ಪ್ ಲೈಸೆನ್ಸ್ ಇದ್ದರೆ ಅದೂ ಆಗುತ್ತದೆ.

ಹಂತ 1: ಲೋಹವನ್ನು ಆರಿಸಿ

ಲೋಹಗಳು ಇಲ್ಲಿ ಎರಡು ಪಂಗಡ. ನಿಕಲ್, ಕೋಬಾಲ್ಟ್, ರುಥೇನಿಯಂ ಗ್ರಾಫೀನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಇರಿಡಿಯಂ, ಪ್ಲಾಟಿನಂ, ತಾಮ್ರ, ಚಿನ್ನ ಸಡಿಲವಾಗಿ ಹಿಡಿದುಕೊಳ್ಳುತ್ತವೆ. ಇದನ್ನು ಗುರುತಿಸಲು ಒಂದು ಅಳತೆ ಸಾಕು: ಹಾಳೆಗೂ ಲೋಹಕ್ಕೂ ನಡುವಿನ ಅಂತರ. ಗ್ರಾಫೈಟಿನಲ್ಲಿ ಎರಡು ಪದರಗಳ ನಡುವೆ 3.35 ಆಂಗ್‌ಸ್ಟ್ರಾಮ್ ಇರುತ್ತದೆ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಇರಿಡಿಯಂನ (111) ಮುಖದ, ಅಂದ್ರೆ ಹರಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದಾಗ ಸಿಗುವ ಮುಖದ, ಮೇಲೆ ಗ್ರಾಫೀನಿನ ಸರಾಸರಿ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 3.4. ನಿಕಲ್ (111) ಮೇಲೆ ಮಾತ್ರ ಅದು ಸುಮಾರು 2.1ಕ್ಕೆ ಇಳಿಯುತ್ತದೆ. ಅಷ್ಟು ಹತ್ತಿರ ಬಂದರೆ ನಿಕಲ್‌ನ ಡಿ ಎಲೆಕ್ಟ್ರಾನುಗಳು ಕಾರ್ಬನ್ನಿನ ಪೈ ಎಲೆಕ್ಟ್ರಾನುಗಳ ಜೊತೆ ಬೆರೆತುಬಿಡುತ್ತವೆ. ಗ್ರಾಫೀನಿನ ಹೆಸರಾಂತ ಡಿರಾಕ್ ಕೋನ್, ಅಂದ್ರೆ ಅದರ ಎಲೆಕ್ಟ್ರಾನ್ ಶಕ್ತಿಗಳ ಶಂಕುವಿನಾಕಾರದ ನಕ್ಷೆ, ಅಲ್ಲಿ ಉಳಿಯುವುದಿಲ್ಲ. ಇರಿಡಿಯಂ ಮೇಲೆ ಅದು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ರುಥೇನಿಯಂ ಇವೆರಡರ ವಿಚಿತ್ರ ಮಿಶ್ರಣ. ಅಲ್ಲಿ ಒಂದೇ ಹಾಳೆ ಕೆಲವು ಕಡೆ ಲೋಹಕ್ಕೆ ಸುಮಾರು 2.2 ಆಂಗ್‌ಸ್ಟ್ರಾಮ್ ಹತ್ತಿರ ಕೂರುತ್ತದೆ, ಇನ್ನು ಕೆಲವು ಕಡೆ ಒಂದು ಆಂಗ್‌ಸ್ಟ್ರಾಮಿಗಿಂತ ಜಾಸ್ತಿ ಮೇಲೆ ಉಬ್ಬುತ್ತದೆ. ಕಾರಣ ಅಳತೆಯ ಹೊಂದಾಣಿಕೆ ಇಲ್ಲದಿರುವುದು. ಗ್ರಾಫೀನಿನ ಜಾಲದ ಅಳತೆ, ಅಂದ್ರೆ ಪರಮಾಣುಗಳ ಜೋಡಣೆ ಮರುಕಳಿಸುವ ದೂರ, 2.46 ಆಂಗ್‌ಸ್ಟ್ರಾಮ್. ರುಥೇನಿಯಂನದ್ದು 2.71. ಇರಿಡಿಯಂನದ್ದೂ ಹತ್ತಿರ ಹತ್ತಿರ ಅಷ್ಟೇ, 2.715. ಎರಡು ಸೊಳ್ಳೆ ಪರದೆಗಳನ್ನು ಒಂದರ ಮೇಲೊಂದು ಹಿಡಿದಾಗ ದೊಡ್ಡ ದೊಡ್ಡ ಅಲೆಗಳಂಥ ಚಿತ್ತಾರ ಕಾಣುತ್ತದಲ್ವಾ, ಇಲ್ಲೂ ಹಾಗೇ ಆಗುತ್ತದೆ. ಅದಕ್ಕೆ ಮ್ವಾರೇ ಎನ್ನುತ್ತಾರೆ. ಇರಿಡಿಯಂ ಮೇಲೆ ಈ ಚಿತ್ತಾರ ಸುಮಾರು 25 ಆಂಗ್‌ಸ್ಟ್ರಾಮಿಗೊಮ್ಮೆ ಮರುಕಳಿಸುತ್ತದೆ, ರುಥೇನಿಯಂ ಮೇಲೆ ಸುಮಾರು 30ಕ್ಕೊಮ್ಮೆ.

ಅಣುಗಳಿಗೆ ಈ ಉಬ್ಬು-ತಗ್ಗು ಚೆನ್ನಾಗಿ ಗೊತ್ತಾಗುತ್ತದೆ. ಕಬ್ಬಿಣದ ಥ್ಯಾಲೋಸಯನಿನ್ ಎಂಬ ಚಪ್ಪಟೆ ಅಣುಗಳನ್ನು ರುಥೇನಿಯಂ ಮೇಲಿನ ಗ್ರಾಫೀನಿಗೆ ಹಾಕಿದರೆ ಅವು ಉಬ್ಬುಗಳನ್ನು ಬಿಟ್ಟು ತಗ್ಗುಗಳಲ್ಲೇ ಕೂರುತ್ತವೆ. ಹಾಗೆ ಕೂತು ಕಗೊಮೆ ಎಂಬ ತ್ರಿಕೋನ-ಷಡ್ಭುಜಗಳ ಜಾಲ ಕಟ್ಟುತ್ತವೆ. ಸಡಿಲ ಹಿಡಿತದ ಇರಿಡಿಯಂ ಮೇಲೆ ಅದೇ ಕುಟುಂಬದ ಕೋಬಾಲ್ಟ್ ಥ್ಯಾಲೋಸಯನಿನ್ ಒತ್ತೊತ್ತಾಗಿ, ಹೆಚ್ಚುಕಡಿಮೆ ಚೌಕಾಕಾರದಲ್ಲಿ ಜೋಡಿಸಿಕೊಳ್ಳುತ್ತದೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ನಿಕಲ್. ಕಾರಣ ಮುಂದಿನ ಹಂತದಲ್ಲಿದೆ.

ಹಂತ 2: ಪರಮಾಣುಗಳನ್ನು ಎಣಿಸಿ

ಕಂಪ್ಯೂಟರಿಗೆ ಕೊಡುವ ಮೊದಲು ಒಂದು ಹಾಳೆ ಮೇಲೆ ಎಣಿಕೆ ಮಾಡಿ. ಇರಿಡಿಯಂನ ಮ್ವಾರೇಗೆ 9×9 ಲೋಹದ ಮೇಲೆ 10×10 ಗ್ರಾಫೀನ್ ಬೇಕು. ಅಂದ್ರೆ 200 ಕಾರ್ಬನ್. ನಾಲ್ಕು ಪದರ ಲೋಹ ಅಂದರೆ 324 ಇರಿಡಿಯಂ. ಅಣು ಇಡುವ ಮೊದಲೇ 524 ಪರಮಾಣು ಆಯಿತು. ರುಥೇನಿಯಂಗೆ 11×11 ಮೇಲೆ 12×12 ಹಾಕಿದರೆ, ಬರೀ ಮೂರು ಪದರಕ್ಕೇ 651. ಇವನ್ನು ಲ್ಯಾಪ್‌ಟಾಪಿನಲ್ಲಿ ಓಡಿಸುವ ಮಾತೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್ ಬೇಕು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಲ್ಲಿ ಸಮಯ ಕೇಳಿಕೊಳ್ಳುವಾಗಲೂ ಈ ಎಣಿಕೆ ಕೈಯಲ್ಲಿರಬೇಕು.

ನಿಕಲ್ (111) ಜಾಲದ ಅಳತೆ 2.49 ಆಂಗ್‌ಸ್ಟ್ರಾಮ್. ಗ್ರಾಫೀನನ್ನು ಬರೀ ಶೇ 1.2ರಷ್ಟು ಹಿಗ್ಗಿಸಿದರೆ ಒಂದಕ್ಕೊಂದು ಸರಿಯಾಗಿ ಕೂರುತ್ತದೆ, ಮ್ವಾರೇ ತಲೆನೋವಿಲ್ಲ. 4×4 ಕೋಶ (ಲೆಕ್ಕದಲ್ಲಿ ಎಲ್ಲ ದಿಕ್ಕಿಗೂ ಮರುಕಳಿಸುವ ತುಂಡು) ತೆಗೆದುಕೊಳ್ಳಿ: 32 ಕಾರ್ಬನ್, ನಾಲ್ಕು ಪದರದಲ್ಲಿ 64 ನಿಕಲ್, ಬೆಂಜೀನಿನ 12. ಒಟ್ಟು 108. ಸಾಧಾರಣ ಕ್ಲಸ್ಟರಿನಲ್ಲಿ ಇದು ಆರಾಮಾಗಿ ಓಡುತ್ತದೆ. ಕೋಶದ ಬದಿ ಸುಮಾರು 10 ಆಂಗ್‌ಸ್ಟ್ರಾಮ್, ಬೆಂಜೀನಿನ ಅಗಲ ಸುಮಾರು 5. ಪಕ್ಕದ ಕೋಶದ ಬೆಂಜೀನಿಗೂ ಇದಕ್ಕೂ ನಡುವೆ ಇನ್ನೊಂದು 5 ಆಂಗ್‌ಸ್ಟ್ರಾಮ್ ಜಾಗ ಉಳಿಯುತ್ತದೆ. ಪಕ್ಕದವರ ಸೆಳೆತ ಎಷ್ಟು ಸೇರಿಕೊಂಡಿದೆ ಅಂತ ತಿಳಿಯಲು ಕೊನೆಯಲ್ಲಿ ಒಮ್ಮೆ 6×6 ಕೋಶದಲ್ಲೂ ನೋಡಿ. ಅಲ್ಲಿ 228 ಪರಮಾಣು ಆಗುತ್ತದೆ, ಒಂದು ಸಲಕ್ಕೆ ಪರವಾಗಿಲ್ಲ.

ಹಂತ 3: ವಾನ್ ಡರ್ ವಾಲ್ಸ್ ಬಿಡಬೇಡಿ

ಬೆಂಜೀನ್ ಗ್ರಾಫೀನಿಗೆ ಅಂಟುವುದೇ ವಾನ್ ಡರ್ ವಾಲ್ಸ್ ಸೆಳೆತದಿಂದ, ಅಂದ್ರೆ ರಾಸಾಯನಿಕ ಬಂಧವಿಲ್ಲದೆಯೂ ಇರುವ ದುರ್ಬಲ ಸೆಳೆತದಿಂದ. ಡಿಎಫ್‌ಟಿಯಲ್ಲಿ ಸಾಂದ್ರತೆಯಿಂದ ಶಕ್ತಿ ಕೊಡುವ ಅಂದಾಜು ಸೂತ್ರಕ್ಕೆ ಫಂಕ್ಷನಲ್ ಎನ್ನುತ್ತಾರೆ. ಎಲ್ಲರೂ ಬಳಸುವ ಪಿಬಿಇ ಫಂಕ್ಷನಲ್‌ಗೆ ಈ ಸೆಳೆತ ಗೊತ್ತೇ ಇಲ್ಲ. ಬರೀ ಪಿಬಿಇ ಹಾಕಿದರೆ ಬೆಂಜೀನ್ ಹೆಚ್ಚುಕಡಿಮೆ ತೇಲಾಡುತ್ತದೆ, ಗ್ರಾಫೀನ್ ಕೂಡ ನಿಕಲ್‌ಗೆ ಅಂಟುವುದಿಲ್ಲ. ಹಳೆಯ ಎಲ್‌ಡಿಎ ಫಂಕ್ಷನಲ್ ಎರಡನ್ನೂ ಅಂಟಿಸುತ್ತದೆ. ಆದರೆ ಅದರಲ್ಲೂ ವಾನ್ ಡರ್ ವಾಲ್ಸ್ ಇಲ್ಲ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿ ಉತ್ತರ ಸರಿ ಕಾಣುತ್ತದೆ ಅಷ್ಟೇ. ಎಲ್‌ಡಿಎ ನಂಬಿ ಥೀಸಿಸ್ ಬರೆಯಬೇಡಿ.

ಎರಡು ದಾರಿ ಇವೆ. ಒಂದು, ಈ ಸೆಳೆತವನ್ನು ಮೇಲಿಂದ ಕೂಡಿಸುವ, ರಸಾಯನವಿಜ್ಞಾನಿ ಗ್ರಿಮ್ಮೆಯವರ ಡಿ3 ತಿದ್ದುಪಡಿಯನ್ನು ಪಿಬಿಇಗೆ ಸೇರಿಸುವುದು. ಇದು ಅಗ್ಗ, ಖರ್ಚು ಹೆಚ್ಚಾಗುವುದೇ ಇಲ್ಲ. ಅದರ ಹಿಂದಿನ ಡಿ2 ಮಾತ್ರ ಲೋಹಕ್ಕೆ ಬೇಡ. ಲೋಹದ ಒಳಗಿನ ಎಲೆಕ್ಟ್ರಾನುಗಳು ಪರಮಾಣುಗಳ ಸೆಳೆತವನ್ನು ಮಂಕು ಮಾಡುವುದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅಂಟು ಜಾಸ್ತಿ ತೋರಿಸುತ್ತದೆ. ಇನ್ನೊಂದು ದಾರಿ ವಿಡಿಡಬ್ಲ್ಯು-ಡಿಎಫ್ ಕುಟುಂಬದ ಫಂಕ್ಷನಲ್‌ಗಳು. ಇವು ಸೆಳೆತವನ್ನು ನೇರವಾಗಿ ಎಲೆಕ್ಟ್ರಾನ್ ಸಾಂದ್ರತೆಯಿಂದಲೇ ಲೆಕ್ಕ ಹಾಕುತ್ತವೆ. ನಾನಾದರೆ ಎರಡರಲ್ಲೂ ಒಮ್ಮೆ ಮಾಡುತ್ತೇನೆ. ಎರಡರ ಉತ್ತರಗಳ ನಡುವಿನ ವ್ಯತ್ಯಾಸವೇ ನಿಮ್ಮ ಅನಿಶ್ಚಿತತೆಯ ಪ್ರಾಮಾಣಿಕ ಅಂದಾಜು.

ಹಂತ 4: ಲೋಹವಿಲ್ಲದೆ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಒಂಟಿ ಗ್ರಾಫೀನ್ ಮೇಲೆ ಬೆಂಜೀನ್ ಇಟ್ಟು ಲೆಕ್ಕ ಮಾಡಿ. ಗ್ರಾಫೈಟ್ ಮೇಲಿನ ಬೆಂಜೀನಿನ ಅಂಟು ಶಕ್ತಿಗೆ ಪ್ರಯೋಗದ ಸಂಖ್ಯೆ ಇದೆ: ಸುಮಾರು 0.5 ಎಲೆಕ್ಟ್ರಾನ್‌ವೋಲ್ಟ್, ಮುಂದೆ ಬರೀ ಇವಿ ಅನ್ನೋಣ. ನ್ಯಾಫ್ತಲೀನಿಗೆ ಸುಮಾರು 0.8. ನಿಮ್ಮ ಲೆಕ್ಕ 0.45ರಿಂದ 0.55ರ ಒಳಗೆ ಬಂದರೆ, ಬೆಂಜೀನಿನ ಎತ್ತರ 3.3-3.4 ಆಂಗ್‌ಸ್ಟ್ರಾಮ್ ಬಂದರೆ, ಮುಂದೆ ಹೋಗಿ. 0.1 ಬಂದರೆ ವಾನ್ ಡರ್ ವಾಲ್ಸ್ ಆನ್ ಆಗಿಲ್ಲ ಅಂತ ಅರ್ಥ. 0.8 ಬಂದರೆ ಕೋಶ ಚಿಕ್ಕದಾಗಿ ಬೆಂಜೀನುಗಳು ಒಂದನ್ನೊಂದು ಎಳೆಯುತ್ತಿರಬಹುದು, ಅಥವಾ ಫಂಕ್ಷನಲ್‌ನ ಗುಣವೇ ಹಾಗಿರಬಹುದು.

ಹಂತ 5: ನಿಕಲ್ ಮತ್ತು ಗ್ರಾಫೀನ್ ಜೋಡಿಸಿ

ನಾಲ್ಕು ಪದರ ನಿಕಲ್ ಕಟ್ಟಿ. ಕೆಳಗಿನ ಎರಡನ್ನು ಅಲುಗದಂತೆ ಕಟ್ಟಿಹಾಕಿ, ಮೇಲಿನ ಎರಡನ್ನು ಬಿಡಿ. ಮೇಲೆ ಕನಿಷ್ಠ 15 ಆಂಗ್‌ಸ್ಟ್ರಾಮ್ ಖಾಲಿ ಜಾಗ ಇರಲಿ. ಗ್ರಾಫೀನ್ ಒಂದೇ ಬದಿಯಲ್ಲಿ ಇರುವುದರಿಂದ ಹುಟ್ಟುವ ಸುಳ್ಳು ವಿದ್ಯುತ್ ಕ್ಷೇತ್ರವನ್ನು ತೆಗೆಯಲು ಡೈಪೋಲ್ ತಿದ್ದುಪಡಿ ಹಾಕಿ. ನಿಕಲ್ ಅಯಸ್ಕಾಂತೀಯ, ಹಾಗಾಗಿ ಸ್ಪಿನ್ ಆನ್ ಮಾಡಲೇಬೇಕು. ಲೆಕ್ಕ ಮುಗಿದ ಮೇಲೆ ಒಟ್ಟು ಅಯಸ್ಕಾಂತತೆಯನ್ನು ನಿಕಲ್ ಸಂಖ್ಯೆಯಿಂದ ಭಾಗಿಸಿ. ಒಂದು ಪರಮಾಣುವಿಗೆ 0.6 ಬೋರ್ ಮ್ಯಾಗ್ನೆಟಾನ್ ಆಸುಪಾಸು ಬರಬೇಕು. ಸೊನ್ನೆ ಬಂದರೆ ಶುರುವಿನ ಸ್ಪಿನ್ ಕೊಟ್ಟಿಲ್ಲ ಅಂತ ತಿಳಿಯಿರಿ.

ಗ್ರಾಫೀನನ್ನು ಎಲ್ಲಿಡುವುದು? ಅದರ ಷಡ್ಭುಜದಲ್ಲಿ ಎರಡು ಬಗೆಯ ಕಾರ್ಬನ್ ಇವೆ. ಒಂದನ್ನು ನಿಕಲ್ ಪರಮಾಣುವಿನ ನೆತ್ತಿ ಮೇಲೆ, ಇನ್ನೊಂದನ್ನು ಎಫ್‌ಸಿಸಿ ಗುಳಿಯ (ಮೂರು ನಿಕಲ್ ನಡುವಿನ, ಕೆಳಗಿನ ಎರಡನೇ ಪದರದಲ್ಲಿ ಪರಮಾಣು ಇಲ್ಲದ ಗುಳಿ) ಮೇಲೆ ಇಡಿ. ಟಾಪ್-ಎಫ್‌ಸಿಸಿ ಎಂಬ ಈ ಜೋಡಣೆ ಅತ್ಯಂತ ಸ್ಥಿರವಾದದ್ದರಲ್ಲಿ ಒಂದು.

ಈಗ ನಿಧಾನಿಸಬೇಕಾದ ಜಾಗ ಬಂತು. ನಿಕಲ್ ಮೇಲೆ ಗ್ರಾಫೀನಿಗೆ ಶಕ್ತಿಯ ಗುಂಡಿ, ಅಂದ್ರೆ ಶಕ್ತಿ ಕಡಿಮೆಯಾಗಿ ಹಾಳೆ ನಿಲ್ಲಬಲ್ಲ ಎತ್ತರ, ಒಂದಲ್ಲ, ಎರಡು. ಸುಮಾರು 2.1-2.2 ಆಂಗ್‌ಸ್ಟ್ರಾಮಿನಲ್ಲಿ ಒಂದು, ಸುಮಾರು 3.3ರಲ್ಲಿ ಇನ್ನೊಂದು. ಆರ್‌ಪಿಎ ಎಂಬ ದುಬಾರಿ ವಿಧಾನದ ಲೆಕ್ಕದಲ್ಲಿ ಹತ್ತಿರದ ಗುಂಡಿಯ ಆಳ ಪ್ರತಿ ಕಾರ್ಬನ್ನಿಗೆ ಸುಮಾರು 60-70 ಮಿಲಿ ಇವಿ, ದೂರದ್ದೂ ಅದಕ್ಕಿಂತ ತುಂಬಾ ಕಡಿಮೆಯೇನಲ್ಲ. ನೀವು 3.3ರಿಂದ ಶುರು ಮಾಡಿದರೆ ಹಾಳೆ ಅಲ್ಲೇ ಸಿಕ್ಕಿಕೊಳ್ಳಬಹುದು. ಎರಡು ಎತ್ತರಗಳಿಂದಲೂ ಶುರು ಮಾಡಿ, ಕಡಿಮೆ ಶಕ್ತಿ ಬಂದದ್ದನ್ನು ಇಟ್ಟುಕೊಳ್ಳಿ.

ಇದು ಅಣುವಿಗೆ ಯಾಕೆ ಮುಖ್ಯ ಅಂದ್ರೆ, ಬರೀ ಗ್ರಾಫೀನ್ ಇರುವ ಲೆಕ್ಕದಲ್ಲಿ ಹಾಳೆ ಒಂದು ಗುಂಡಿಯಲ್ಲಿ ಕೂತು, ಬೆಂಜೀನ್ ಸೇರಿಸಿದ ಲೆಕ್ಕದಲ್ಲಿ ಇನ್ನೊಂದಕ್ಕೆ ಜಾರಿದರೆ? ಎರಡರ ನಡುವೆ ಪ್ರತಿ ಕಾರ್ಬನ್ನಿಗೆ ಬರೀ 10 ಮಿಲಿ ಇವಿ ವ್ಯತ್ಯಾಸ ಇದ್ದರೂ 32 ಕಾರ್ಬನ್ನಿಗೆ 0.32 ಇವಿ. ಬೆಂಜೀನಿನ ಅಂಟು ಇರುವುದೇ ಅರ್ಧ ಇವಿ. ಆ 0.32 ಪೂರ್ತಿ ಬೆಂಜೀನಿನ ಖಾತೆಗೆ ಬೀಳುತ್ತದೆ, ಪ್ರೋಗ್ರಾಮ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಾಗಾಗಿ ಪ್ರತಿ ಲೆಕ್ಕದ ಕೊನೆಗೆ ಗ್ರಾಫೀನ್-ನಿಕಲ್ ಅಂತರವನ್ನು ಬರೆದಿಡಿ.

ಹಂತ 6: ಬೆಂಜೀನ್ ಇಡಿ

ಬೆಂಜೀನನ್ನು ಮಲಗಿಸಿ, ಹಾಳೆಯಿಂದ 3.2 ಆಂಗ್‌ಸ್ಟ್ರಾಮ್ ಮೇಲೆ ಇಟ್ಟು ಶುರು ಮಾಡಿ. ಉಂಗುರದ ನಡುಬಿಂದು ಎಲ್ಲಿ ಬರಬಹುದು? ಷಡ್ಭುಜದ ನಡುವೆ, ಕಾರ್ಬನ್-ಕಾರ್ಬನ್ ಬಂಧದ ಮೇಲೆ, ಅಥವಾ ಕಾರ್ಬನ್ ಮೇಲೆ. ಒಂಟಿ ಗ್ರಾಫೀನಿನಲ್ಲಿ ಕಾರ್ಬನ್‌ಗಳೆಲ್ಲ ಒಂದೇ. ನಿಕಲ್ ಮೇಲೆ ಹಾಗಲ್ಲ, ನೆತ್ತಿ ಮೇಲಿನದ್ದು ಬೇರೆ, ಗುಳಿ ಮೇಲಿನದ್ದು ಬೇರೆ. ಒಟ್ಟು ನಾಲ್ಕು ಜಾಗ ಆಯಿತು. ಪ್ರತಿಯೊಂದಕ್ಕೂ ಬೆಂಜೀನನ್ನು ತಿರುಗಿಸದೆ ಒಮ್ಮೆ, 30 ಡಿಗ್ರಿ ತಿರುಗಿಸಿ ಒಮ್ಮೆ. ಎಂಟು ಲೆಕ್ಕ. ಪರಮಾಣುಗಳ ಮೇಲಿನ ಬಲ 0.02 ಇವಿ ಪ್ರತಿ ಆಂಗ್‌ಸ್ಟ್ರಾಮಿಗಿಂತ ಕೆಳಗೆ ಇಳಿಯುವವರೆಗೂ ಅವನ್ನು ಅಲುಗಲು ಬಿಡಿ.

ಒಂಟಿ ಗ್ರಾಫೀನ್ ಮೇಲೆ ಗೆಲ್ಲುವುದು ಗ್ರಾಫೈಟಿನ ಪದರಗಳ ರೀತಿಯ ಜೋಡಣೆ: ಉಂಗುರದ ನಡುಬಿಂದು ಒಂದು ಕಾರ್ಬನ್ ಮೇಲೆ, ಬೆಂಜೀನಿನ ಮೂರು ಕಾರ್ಬನ್ ಕೆಳಗಿನ ಕಾರ್ಬನ್‌ಗಳ ಮೇಲೆ, ಉಳಿದ ಮೂರು ಷಡ್ಭುಜಗಳ ನಡುವೆ. ಆದರೆ ಗೆಲುವಿನ ಅಂತರ ಬರೀ ಕೆಲವು ಹತ್ತು ಮಿಲಿ ಇವಿ. ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿಯೇ 26 ಮಿಲಿ ಇವಿ ಇರುತ್ತದೆ. ಹಾಗಾಗಿ ಬೆಂಜೀನ್ ಒಂದು ಕಡೆ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ. ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನಲ್ಲಿ ಇಂಥ ಒಂಟಿ ಅಣುವನ್ನು ನೋಡುವವರು ದ್ರವ ಹೀಲಿಯಂ ಸುರಿದು ತಣ್ಣಗೆ ಮಾಡುವುದು ಇದಕ್ಕೇ.

ಹಂತ 7: ಕಳೆಯುವ ಲೆಕ್ಕ

ಅಂಟು ಶಕ್ತಿ = ಎಲ್ಲ ಸೇರಿದ ವ್ಯವಸ್ಥೆಯ ಶಕ್ತಿ − ಗ್ರಾಫೀನ್ ಹೊದ್ದ ನಿಕಲ್‌ನ ಶಕ್ತಿ − ಒಂಟಿ ಬೆಂಜೀನಿನ ಶಕ್ತಿ

ಋಣ ಬಂದರೆ ಅಂಟುತ್ತದೆ (ಈ ಬರಹದ 0.5 ಥರದ ಸಂಖ್ಯೆಗಳಲ್ಲಿ ಋಣ ಚಿಹ್ನೆ ಬಿಟ್ಟಿದ್ದೇನೆ). ಮೂರನ್ನೂ ಒಂದೇ ಕೋಶ, ಒಂದೇ ಕಟಾಫ್ (ಲೆಕ್ಕದ ಸೂಕ್ಷ್ಮತೆಯ ಮಿತಿ), ಒಂದೇ ಫಂಕ್ಷನಲ್‌ನಲ್ಲಿ ಮಾಡಿ. ಸಾವಿರಾರು ಇವಿ ಇರುವ ಸಂಖ್ಯೆಗಳನ್ನು ಕಳೆದು ಅರ್ಧ ಇವಿ ಹುಡುಕುತ್ತಿದ್ದೀರಿ. ಒಂದು ಸೆಟ್ಟಿಂಗ್ ಬೇರೆಯಾದರೂ ಉತ್ತರ ಕೆಡುತ್ತದೆ.

ಆಮೇಲೆ ಪಿಬಿಇ ಭಾಗ ಎಷ್ಟು, ಡಿ3 ಭಾಗ ಎಷ್ಟು ಅಂತ ಬಿಡಿಸಿ ನೋಡಿ. ಡಿ3 ಭಾಗದಲ್ಲಿ ನಿಕಲ್‌ನ ನೇರ ಪಾಲನ್ನೂ ಬೇರೆ ಮಾಡಬಹುದು: ಅದೇ ಜಾಗದಲ್ಲಿ ಅದೇ ಹಾಳೆ, ಆದರೆ ನಿಕಲ್ ತೆಗೆದು, ಬರೀ ಡಿ3 ಲೆಕ್ಕ ಹಾಕಿದರೆ ಸಾಕು. ಒಂದು ಸೆಕೆಂಡಿನ ಕೆಲಸ.

ಹಂತ 8: ಎಲೆಕ್ಟ್ರಾನ್ ಎಲ್ಲಿಗೆ ಹೋಯಿತು

ಸಾಂದ್ರತೆಯ ವ್ಯತ್ಯಾಸದ ಚಿತ್ರ ತೆಗೆಯಿರಿ. ಸೂತ್ರ ಮೇಲಿನ ಹಾಗೇ, ಶಕ್ತಿಯ ಜಾಗದಲ್ಲಿ ಸಾಂದ್ರತೆ. ಇಲ್ಲಿ ಮಾತ್ರ ಬಿಡಿ ಭಾಗಗಳನ್ನು ಮತ್ತೆ ಸಡಿಲಗೊಳಿಸಬಾರದು, ಅಂದ್ರೆ ಪರಮಾಣುಗಳನ್ನು ಅಲುಗಲು ಬಿಡಬಾರದು, ಅಂಟಿದ ಸ್ಥಿತಿಯ ಆಕಾರದಲ್ಲೇ ಇಡಬೇಕು. ಬೆಂಜೀನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಟಿಸಿಎನ್‌ಕ್ಯೂ, ಎಫ್4-ಟಿಸಿಎನ್‌ಕ್ಯೂ ಥರದ ಎಲೆಕ್ಟ್ರಾನ್ ಬಾಚಿಕೊಳ್ಳುವ ಅಣುಗಳಲ್ಲಿ ಚಿತ್ರವೇ ಬೇರೆ. ರುಥೇನಿಯಂ ಮೇಲಿನ ಗ್ರಾಫೀನಿನಲ್ಲಿ ಟಿಸಿಎನ್‌ಕ್ಯೂ ಒಂದು ಎಲೆಕ್ಟ್ರಾನ್ ಪಡೆದು ಅಯಸ್ಕಾಂತೀಯ ಗುಣವನ್ನೂ ತೋರಿಸುತ್ತದೆ. ಅಂಥ ಅಣುಗಳಿಗೆ ಈ ಹಂತ ಬಹಳ ಮುಖ್ಯ.

ಹಂತ 9: ಪ್ರಯೋಗದ ಜೊತೆ ತಾಳೆ ನೋಡಿ

ಅಂಟು ಶಕ್ತಿಯನ್ನು ನೇರವಾಗಿ ಅಳೆಯುವ ಪ್ರಯೋಗ ಉಷ್ಣ ಬಿಡುಗಡೆ ಮಾಪನ, ಟಿಪಿಡಿ. ತಣ್ಣಗಿನ ಮೇಲ್ಮೈಗೆ ಅಣುಗಳನ್ನು ಹಾಕಿ, ಸೆಕೆಂಡಿಗೆ 1 ಕೆಲ್ವಿನ್ ಥರ ಬಿಸಿ ಮಾಡುತ್ತಾ, ಅಣುಗಳು ಯಾವ ಉಷ್ಣತೆಯಲ್ಲಿ ಹಾರಿಹೋಗುತ್ತವೆ ಅಂತ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡುತ್ತಾರೆ. ಪೇಪರುಗಳಲ್ಲಿ ಇದರಿಂದ ಬಂದ ಶಕ್ತಿಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಉಷ್ಣತೆಯಿಂದ ಶಕ್ತಿ ತೆಗೆಯುವ ರೆಡ್‌ಹೆಡ್ ಸೂತ್ರದಲ್ಲಿ ಒಂದು ಊಹೆಯ ಸಂಖ್ಯೆ ಕೂತಿರುತ್ತದೆ.

ಸೂತ್ರ ಹೀಗಿದೆ: ಶಕ್ತಿ = ಬೋಲ್ಟ್ಸ್‌ಮನ್ ಸ್ಥಿರಾಂಕ × ಶಿಖರದ ಉಷ್ಣತೆ × (ಲಾಗ್ − 3.64). ಇಲ್ಲಿ ಲಾಗ್ ಅಂದ್ರೆ, ಕಂಪನದ ಆವರ್ತಾಂಕವನ್ನು ಉಷ್ಣತೆಯಿಂದ ಗುಣಿಸಿ, ಬಿಸಿ ಮಾಡುವ ವೇಗದಿಂದ ಭಾಗಿಸಿ ತೆಗೆದ ನೈಸರ್ಗಿಕ ಲಾಗರಿದಮ್. ಶಿಖರ, ಅಂದ್ರೆ ಅಣುಗಳು ಅತಿ ಹೆಚ್ಚು ಹಾರಿಹೋಗುವ ಬಿಂದು, 160 ಕೆಲ್ವಿನ್‌ನಲ್ಲಿ ಬಂತು ಅಂದುಕೊಳ್ಳಿ. ಆವರ್ತಾಂಕ 10ರ ಘಾತ 13 ಅಂತ ಇಟ್ಟರೆ ಲಾಗ್ 35.0, ಶಕ್ತಿ 0.43 ಇವಿ. ಅದೇ ಶಿಖರಕ್ಕೆ 10ರ ಘಾತ 15 ಇಟ್ಟರೆ ಲಾಗ್ 39.6, ಶಕ್ತಿ 0.50. ಪ್ರಯೋಗದಲ್ಲಿ ಏನೂ ಬದಲಾಗಿಲ್ಲ, ಉತ್ತರ ಮಾತ್ರ 0.07 ಇವಿ ಏರಿತು. ಪರಮಾಣುವಿಗೆ 13 ಸರಿ ಇರಬಹುದು. ಅಣು ದೊಡ್ಡದಾದಷ್ಟೂ ಘಾತ ಏರುತ್ತದೆ, ಯಾಕಂದ್ರೆ ಮೇಲ್ಮೈ ಬಿಟ್ಟ ಅಣುವಿಗೆ ತಿರುಗಾಡುವ ಸ್ವಾತಂತ್ರ್ಯ ಜಾಸ್ತಿ. ಲೆಕ್ಕಕ್ಕೂ ಪ್ರಯೋಗಕ್ಕೂ ಹೊಂದುತ್ತಿಲ್ಲ ಅನ್ನಿಸಿದರೆ ಪೇಪರಿನಲ್ಲಿ ಈ ಘಾತ ಎಷ್ಟಿಟ್ಟಿದ್ದಾರೆ ಅಂತ ಮೊದಲು ಹುಡುಕಿ.

ಇನ್ನೊಂದು ಗಮನಿಸುವ ವಿಷಯ, ಗ್ರಾಫೀನ್ ಪೂರ್ತಿ ಮುಚ್ಚಿದೆಯೇ ಅನ್ನುವುದು. ಇರಿಡಿಯಂ ಮೇಲೆ ಇದಕ್ಕೆ ಒಳ್ಳೆಯ ವಿಧಾನ ಇದೆ. ಎಥಿಲೀನ್ ಅನಿಲವನ್ನು ಕೋಣೆಯ ಉಷ್ಣತೆಯಲ್ಲಿ ಅಂಟಿಸಿ, 1470 ಕೆಲ್ವಿನ್‌ಗೆ ಒಮ್ಮೆ ಏರಿಸಿ, ಆಮೇಲೆ ಸುಮಾರು 1170ರಲ್ಲಿ ಮತ್ತೆ ಎಥಿಲೀನ್ ಬಿಡುತ್ತಾರೆ. ಎಥಿಲೀನನ್ನು ಒಡೆಯುವುದು ಬರಿಯ ಲೋಹ. ಲೋಹ ಮುಚ್ಚಿಹೋದ ಮೇಲೆ ಒಡೆಯುವವರೇ ಇಲ್ಲ, ಹಾಗಾಗಿ ಬೆಳವಣಿಗೆ ಒಂದೇ ಪದರಕ್ಕೆ ತಾನಾಗಿ ನಿಲ್ಲುತ್ತದೆ. ಎಲ್ಲಾದರೂ ಲೋಹ ಬರಿದಾಗಿ ಉಳಿದಿದ್ದರೆ ಟಿಪಿಡಿಯೇ ಹೇಳಿಬಿಡುತ್ತದೆ. ಗ್ರಾಫೀನ್ ಮೇಲಿನ ಬೆಂಜೀನ್ ಇಡಿಯಾಗಿ, 78ರ ದ್ರವ್ಯರಾಶಿಯಲ್ಲಿ ಹೊರಡುತ್ತದೆ. ಬರಿಯ ನಿಕಲ್ ಅಥವಾ ಪ್ಲಾಟಿನಂ ಮೇಲೆ ಕೂತದ್ದು ಬಿಸಿಗೆ ಒಡೆದು ಹೈಡ್ರೋಜನ್ ಬಿಡುತ್ತದೆ, ಅದು 2ರಲ್ಲಿ ಕಾಣುತ್ತದೆ. ಹೆಚ್ಚಿನ ಉಷ್ಣತೆಯಲ್ಲಿ 2ರ ಗೆರೆ ಏರಿದರೆ ಹಾಳೆಯಲ್ಲಿ ತೂತುಗಳಿವೆ ಅಂತ ಗುಮಾನಿ ಪಡಿ. ಅಂದಹಾಗೆ ಬೆಂಜೀನ್ ಕ್ಯಾನ್ಸರ್ ತರುವ ರಾಸಾಯನಿಕ. ಲ್ಯಾಬಿನಲ್ಲಿ ಮಾಡುವವರು ಬಟ್ಟೆ ಬೀರುವಿನ ಗುಳಿಗೆಯಲ್ಲಿರುವ ನ್ಯಾಫ್ತಲೀನನ್ನೇ ಆರಿಸುವುದು ವಾಸಿ.

ನ್ಯಾಫ್ತಲೀನಿನಲ್ಲೇ ಕಲೋನ್ ವಿಶ್ವವಿದ್ಯಾಲಯದ ಗುಂಪು 2015ರಲ್ಲಿ ಸೊಗಸಾದ ಫಲಿತಾಂಶ ಪ್ರಕಟಿಸಿತು. ಇರಿಡಿಯಂ ಮತ್ತು ಗ್ರಾಫೀನ್ ನಡುವೆ ಯೂರೋಪಿಯಂ ತೂರಿಸಿದರೆ ಗ್ರಾಫೀನಿಗೆ ಎಲೆಕ್ಟ್ರಾನ್ ಜಾಸ್ತಿ ಸಿಗುತ್ತದೆ, ಆಗ ನ್ಯಾಫ್ತಲೀನ್ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಎಲೆಕ್ಟ್ರಾನ್ ಕಡಿಮೆ ಮಾಡಿದರೆ ಸಡಿಲವಾಗುತ್ತದೆ. ಅಲ್ಲಿ ರಾಸಾಯನಿಕ ಬಂಧವೇನೂ ಇಲ್ಲ, ಬರೀ ವಾನ್ ಡರ್ ವಾಲ್ಸ್. ಆ ಸೆಳೆತ ಕೂಡ ಹಾಳೆಯ ಕೆಳಗೆ ಏನಿದೆ ಅನ್ನುವುದರ ಮೇಲೆ ಬದಲಾಗುತ್ತದೆ.

ನಿಮ್ಮ 108 ಪರಮಾಣುಗಳ ಕೋಶದಲ್ಲೇ ಇಂಥದ್ದನ್ನು ಮಾಡಿ ನೋಡಬಹುದು. ನಿಕಲ್‌ನ ಮೇಲಿನ ಪದರದ 16 ಪರಮಾಣುಗಳನ್ನು ತಾಮ್ರ ಮಾಡಿ. ತಾಮ್ರದ ಅಳತೆ 2.56, ನಿಕಲ್‌ಗೆ ಹತ್ತಿರ, ಹಾಗಾಗಿ ಕೋಶ ಬದಲಿಸಬೇಕಿಲ್ಲ. ಗ್ರಾಫೀನನ್ನು ಮತ್ತೆ ಎರಡು ಎತ್ತರಗಳಿಂದ ಸಡಿಲಗೊಳಿಸಿ. ಈ ಸಲ ಅದು ಮೂರು ಆಂಗ್‌ಸ್ಟ್ರಾಮಿನ ಆಚೆ ನಿಲ್ಲಬೇಕು. ಆಮೇಲೆ ಎಂಟು ಜೋಡಣೆಗಳಲ್ಲೂ ಬೆಂಜೀನ್ ಇಟ್ಟು, ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸ ಸಂಖ್ಯೆಗಳನ್ನು ಬರೆಯಿರಿ. ನೆತ್ತಿ ಮೇಲಿನ ಕಾರ್ಬನ್ನಿಗೂ ಗುಳಿ ಮೇಲಿನ ಕಾರ್ಬನ್ನಿಗೂ ಇದ್ದ ವ್ಯತ್ಯಾಸ ಎಷ್ಟು ಉಳಿಯಿತು ಅಂತ ಮೊದಲು ನೋಡಿ.